ಎರಡನೇ ಬೆಲ್‌ಗೆ ಒಂದು ಅಲಾರಾಂ

ಕೈಯಲ್ಲಿ ಬ್ಯಾಟಿದ್ದರೆ ಗೋಡೆಗೆ ಒರಗಿಸಿ, ಮೊಬೈಲಿದ್ದರೆ ಮಗುಚಿ ಇಡಿ, ಇದನ್ನು ಪೂರ್ತಿ ಕೇಳಿಬಿಡಿ. ನಮ್ಮ ಸುತ್ತಮುತ್ತಲಿನ ಎಲ್ಲ ಶಾಲೆಗಳ ಕಥೋಲಿಕ ವಿದ್ಯಾರ್ಥಿ ಸಂಚಲನಕ್ಕೆ, ಅದೇ ನಮ್ಮ ಮಕ್ಕಳ ಸಂಘಕ್ಕೆ, ಈಗ ಒಬ್ಬಳು ಅಕ್ಕ ನಾಯಕಿಯಾಗಿದ್ದಾಳಲ್ಲ, ಅವಳ ಕತೆ ಇದು. ಅವಳು ಹುಟ್ಟುತ್ತಲೇ ಮೈಕ್ ಹಿಡಿದುಕೊಂಡು ಬಂದಳು ಅಂತ ನೀವು ಅಂದುಕೊಂಡಿದ್ದರೆ, ಸ್ವಲ್ಪ ತಡೆಯಿರಿ. ಅದೆಲ್ಲ ಶುರುವಾಗಿದ್ದು ಒಂದು ಶಾಲೆಯ ಗೇಟಿನಲ್ಲಿ, ಅವಳು ಏಳನೇ ಕ್ಲಾಸಿನಲ್ಲಿದ್ದಾಗ.

"ಜೋರಾಗಿ ಓದೋ, ಜೋರಾಗಿ. ನಿನ್ನ ಮಾತು ನಿನ್ನ ಕಿವಿಗೇ ಕೇಳಿಸ್ತಿಲ್ಲ, ಇನ್ನು ನಮಗೇನು ಕೇಳ್ಸುತ್ತೆ?"

ಮೂರನೇ ಕ್ಲಾಸಿನ ಹುಡುಗನೊಬ್ಬ ಚೀಟಿ ಹಿಡಿದು ಗಂಟಲು ಹರಿದುಕೊಂಡು ಓದಿದ. ಹಿಂದೆ ಕ್ಯೂನಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅವನು ಎದೆ ಉಬ್ಬಿಸಿಕೊಂಡು ಒಳಗೆ ಓಡಿದ.

"ನೆಕ್ಸ್ಟ್," ಎಂದಳು ಬಿಸ್ಕತ್ ಡಬ್ಬಿ ಹಿಡಿದು ನಿಂತಿದ್ದ ಹುಡುಗಿ.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸ್ಪ್ರಿಂಗ್ ಅಂತ. ಕೂತರೂ ನಿಂತರೂ ಅವಳ ಹಿಮ್ಮಡಿ ಕುಣಿಯುತ್ತಲೇ ಇರುತ್ತಿತ್ತು. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಅವಳ ಕೈ ಮೇಲಿರುತ್ತಿತ್ತು. ಪಕ್ಕದವರಿಗೆ ಕೇಳಿದ ಪ್ರಶ್ನೆಗೂ ಅವಳೇ ಉತ್ತರ ಹೇಳಿಬಿಡುತ್ತಿದ್ದಳು.

ಗೇಟಿನ ಚೀಟಿ ಅವಳದೇ ಐಡಿಯಾ. ಡಬ್ಬಿಯ ತುಂಬ ಚೀಟಿ, ಒಂದೊಂದು ಚೀಟಿಯಲ್ಲಿ ಒಂದೊಂದು ಒಳ್ಳೆಯ ಮಾತು. ಬೆಳಿಗ್ಗೆ ಶಾಲೆಗೆ ಬರುವ ಪ್ರತಿಯೊಬ್ಬರೂ ಒಂದು ಚೀಟಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಓದಿ, ಚಪ್ಪಾಳೆ ಹೊಡೆಸಿಕೊಂಡು ಒಳಗೆ ಹೋಗಬೇಕು. ಸಂಚಲನದ ಹುಡುಗರು ಸರದಿಯಂತೆ ಗೇಟಿನಲ್ಲಿ ನಿಲ್ಲುತ್ತಿದ್ದರು. ಸ್ಪ್ರಿಂಗ್ ಮಾತ್ರ ಸರದಿ ಇರಲಿ ಬಿಡಲಿ, ದಿನಾ ಗೇಟು ತೆರೆಯುವಾಗಲೇ ಹಾಜರ್. ಹೆಡ್‌ಮಿಸ್ ಅಸೆಂಬ್ಲಿಯಲ್ಲೇ ಹೊಗಳಿದ್ದರು. ವಲಯದ ಶಿಬಿರದಲ್ಲಿ ಬೇರೆ ಶಾಲೆಯವರಿಗೂ ಇದನ್ನು ಮಾಡಿ ತೋರಿಸಿ ಅಂತ ಪತ್ರ ಬಂದಿತ್ತು.

ಶಿಬಿರಕ್ಕೆ ತಂಡವನ್ನು ಕರೆದುಕೊಂಡು ಹೋಗುವುದು ನಾಯಕ ಅಥವಾ ನಾಯಕಿ. ಚುನಾವಣೆಗೆ ಇನ್ನೊಂದೇ ವಾರ ಬಾಕಿ. ಸ್ಪ್ರಿಂಗ್‌ಗೆ ಊಟ ಸೇರುತ್ತಿರಲಿಲ್ಲ, ಅಷ್ಟು ಆಸೆ.

ಆ ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ಸಂಚಲನದ ಸಭೆ ಸೇರಿತ್ತು. ಹಾಡುವವರ ಹಾರ್ಮೋನಿಯಂ, ಮಡಚಿಟ್ಟ ಕುರ್ಚಿಗಳು, ಮುರಿದ ಒಂದು ಫ್ಯಾನು ಇರುವ ಕೋಣೆ ಅದು. ಎಲ್ಲರೂ ನೆಲದ ಮೇಲೆ ದುಂಡಗೆ ಕೂತರು. ನಡುವೆ ಒಂದು ಮೇಣದಬತ್ತಿ. ಗೋಡೆಯ ಮೇಲೆ ಮೂರು ಚಾರ್ಟ್: ನೋಡು. ತೂಗು. ಮಾಡು.

ಅದೇ ಅವರ ಕ್ರಮ. ಮೊದಲು ಕಣ್ಣಾರೆ ಕಂಡಿದ್ದನ್ನು ಹೇಳಬೇಕು. ಆಮೇಲೆ ಅದನ್ನು ತೂಗಬೇಕು, ಏಸು ಸ್ವಾಮಿ ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಯೋಚಿಸಬೇಕು. ಕೊನೆಗೆ ಏನಾದರೂ ಮಾಡಬೇಕು.

"ಮೊದಲನೇ ಸುತ್ತಲ್ಲಿ ಕಂಡಿದ್ದು ಮಾತ್ರ," ಎಂದರು ಸಿಸ್ಟರ್. ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರೇ ಸಂಚಲನಕ್ಕೆ ಮಾರ್ಗದರ್ಶಿ. "ಅನ್ಸುತ್ತೆ, ಇರಬಹುದು, ಅಂತೆ. ಈ ಮೂರು ಮಾತು ಬಾಗಿಲ ಹೊರಗೆ ಚಪ್ಪಲಿ ಜೊತೆ ಇರ್ಲಿ."

ಸ್ಪ್ರಿಂಗ್ ಕೈ ಆಗಲೇ ಮೇಲಿತ್ತು. "ನಾನು ನೋಡಿದೆ ಸಿಸ್ಟರ್. ನಮ್ಮ ಕ್ಲಾಸಿನ ಎರಡನೇ ಬೆಲ್ ದಿನಾ ಲೇಟ್. ಫಸ್ಟ್ ಪೀರಿಯಡ್ ಪೂರ್ತಿ ಬಾಗಿಲ ಹೊರಗೆ ನಿಂತಿರ್ತಾಳೆ."

ಎರಡನೇ ಬೆಲ್ ಅಂದರೆ ಆ ವರ್ಷ ಹೊಸದಾಗಿ ಸೇರಿದ ಹುಡುಗಿ. ಮೊದಲನೇ ಬೆಲ್‌ಗೆ ಎಲ್ಲರೂ ಗೇಟಿನೊಳಗೆ ಇರಬೇಕು, ಎರಡನೇ ಬೆಲ್‌ಗೆ ಪಾಠ ಶುರು. ಅವಳು ಬರುತ್ತಿದ್ದದ್ದು ಎರಡನೆಯದು ಹೊಡೆದ ಮೇಲೇ. ಅದಕ್ಕೇ ಆ ಹೆಸರು. ಅವಳು ಯಾರ ಜೊತೆಗೂ ಬೆರೆಯುತ್ತಿರಲಿಲ್ಲ. ಹೂಂ, ಊಹೂಂ, ಜಾಸ್ತಿ ಅಂದರೆ ಒಂದು ಥ್ಯಾಂಕ್ಸ್.

"ತೂಗೋಣ," ಎಂದಳು ಸ್ಪ್ರಿಂಗ್. "ಮನೆ ಹತ್ರಾನೇ ಇದೆ. ಆದ್ರೂ ಲೇಟ್ ಅಂದ್ರೆ ನಿದ್ದೆ. ಮಾಡೋದು ಏನು ಅಂದ್ರೆ, ಅವಳಿಗೊಂದು ಅಲಾರಾಂ ಕೊಡೋದು. ಅಪ್ಪನ ಅಂಗಡೀಲಿ ನಾನೇ ಕೇಳ್ತೀನಿ."

"ನೋಡು ಅನ್ನೋದು ಮುಗೀತಾ?" ಎಂದು ಕೇಳಿದರು ಸಿಸ್ಟರ್.

"ಮುಗೀತು ಸಿಸ್ಟರ್."

"ಎಕ್ಸ್‌ಪ್ರೆಸ್ ಟ್ರೈನ್ ಕೂಡ ಇವಳಿಗಿಂತ ಜಾಸ್ತಿ ಸ್ಟಾಪ್ ಕೊಡುತ್ತೆ," ಎಂದ ಹೆಡ್‌ಲೈಟ್. ದಪ್ಪ ಕನ್ನಡಕದ ಈ ಹುಡುಗನೇ ಚುನಾವಣೆಯಲ್ಲಿ ಅವಳ ಎದುರಾಳಿ. ಎಲ್ಲರೂ ನಕ್ಕರು. ಆದರೂ ಅಲಾರಾಂ ಐಡಿಯಾಗೆ ಕೈ ಎತ್ತಿದರು. ಹೆಡ್‌ಲೈಟ್ ಕೂಡ ಎತ್ತಿದ.

ಸ್ಪ್ರಿಂಗ್‌ನ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ಅಂಗಡಿ ಎಷ್ಟು ಚಿಕ್ಕದೆಂದರೆ ಗಿರಾಕಿ ಸೀನಿದರೆ ಅಪ್ಪ ಮೊದಲು ಸ್ಕ್ರೂಗಳ ತಟ್ಟೆಗೆ ಅಂಗೈ ಮುಚ್ಚುತ್ತಿದ್ದರು, ಆಮೇಲೆ ಉಳಿದ ಮಾತು.

"ಯಾರಿಗೆ ಪುಟ್ಟಿ ಅಲಾರಾಂ?" ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೇ ಕೇಳಿದರು ಅಪ್ಪ.

"ದಿನಾ ಲೇಟಾಗಿ ಬರೋಳಿಗೆ."

"ಹಾಗಿದ್ರೆ ಆ ಹಸಿರುದು ತಗೋ. ಯಾರೋ ರಿಪೇರಿಗೆ ಕೊಟ್ಟು, ಆಮೇಲೆ ನೀವೇ ಇಟ್ಕೊಳ್ಳಿ ಅಂತ ಕೈ ಮುಗಿದು ಹೋದ್ರು. ಅದರ ಸದ್ದಿಗೆ ಗೋಡೆ ಸುಣ್ಣ ಉದುರುತ್ತೆ."

ನೆತ್ತಿಯ ಮೇಲೆ ಎರಡು ಗಂಟೆ ಇರುವ ಹಸಿರು ಗಡಿಯಾರ. ಒಂದು ಗಂಟೆ ಬಿರುಕು ಬಿಟ್ಟಿತ್ತು. ಕೀ ಕೊಟ್ಟರೆ ‘ಟ್ರಿಣ್ ಕಟಕಟ, ಟ್ರಿಣ್ ಕಟಕಟ’ ಅಂತ, ಸ್ಟೀಲ್ ಲೋಟದೊಳಗೆ ಚಮಚ ಹುಚ್ಚೆದ್ದು ಕುಣಿದ ಹಾಗೆ ಹೊಡೆದುಕೊಳ್ಳುತ್ತಿತ್ತು.

ಸೋಮವಾರ ಇಡೀ ಕ್ಲಾಸಿನ ಎದುರು ಸ್ಪ್ರಿಂಗ್ ಅದನ್ನು ಎರಡನೇ ಬೆಲ್ ಕೈಗೆ ಕೊಟ್ಟಳು. ಪುಟ್ಟ ಭಾಷಣವೂ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ಗಡಿಯಾರ ನೋಡಿದಳು, ಸ್ಪ್ರಿಂಗ್ ಕಡೆ ನೋಡಿದಳು. "ಥ್ಯಾಂಕ್ಸ್" ಅಂದಳು. ಕಿವಿ ಕೆಂಪಗಾಗಿತ್ತು.

ಮಂಗಳವಾರ ಮತ್ತೆ ಲೇಟ್.

ಕ್ಲಾಸ್ ಟೀಚರ್‌ಗೆ ರೇಗಿತು. "ಅಲ್ಲಮ್ಮ, ಪಾಪ ಅಷ್ಟು ಪ್ರೀತಿಯಿಂದ ಅಲಾರಾಂ ಕೊಟ್ಟಿದ್ದಾರೆ. ಇನ್ನೇನು ಬ್ಯಾಂಡ್ ಸೆಟ್ ಕಳಿಸ್ಬೇಕಾ? ಈ ವಾರ ಬಿಡ್ತೀನಿ. ಸೋಮವಾರ ಲೇಟಾದ್ರೆ ಅಮ್ಮನ್ನ ಕರ್ಕೊಂಡೇ ಬಾ."

ಹುಡುಗಿ ತಲೆ ಬಗ್ಗಿಸಿಕೊಂಡು ಹೊರಗೆ ನಿಂತಳು.

"ಕೊಬ್ಬು ಕಣೇ ಅವಳಿಗೆ," ಎಂದು ಪಕ್ಕದವಳ ಕಿವಿಯಲ್ಲಿ ಉಸುರಿದಳು ಸ್ಪ್ರಿಂಗ್.

ಶುಕ್ರವಾರ ಗೇಟಿನಲ್ಲಿ ಚೀಟಿ ಅರ್ಧಕ್ಕೇ ಖಾಲಿಯಾಯಿತು. ಕ್ಯೂ ನೋಡಿದರೆ ರಸ್ತೆ ತಿರುವಿನವರೆಗೂ ಇತ್ತು. ಸ್ಪ್ರಿಂಗ್ ಡಬ್ಬಿಯನ್ನು ಹೆಡ್‌ಲೈಟ್ ಕೈಗೆ ತುರುಕಿ ಝೆರಾಕ್ಸ್ ಅಂಗಡಿಗೆ ಓಡಿದಳು. ಅಲ್ಲಿ ಮೆಷಿನ್ ಪೇಪರ್ ನುಂಗಿಕೊಂಡು ಕೂತಿತ್ತು.

"ತಡಿಯಮ್ಮ, ಕೈ ಹಾಕಿದ್ರೆ ಸುಡುತ್ತೆ," ಎಂದ ಅಂಗಡಿಯ ಅಣ್ಣ.

ಮೊದಲನೇ ಬೆಲ್ ಹೊಡೆಯಿತು. ಸ್ಪ್ರಿಂಗ್ ಹಿಮ್ಮಡಿ ಹೊಲಿಗೆ ಮೆಷಿನ್ ಹಾಗೆ ಕುಣಿಯುತ್ತಿತ್ತು. ಅಣ್ಣ ಒಂದೊಂದೇ ಚೂರು ಪೇಪರ್ ಎಳೆದು ತೆಗೆಯುತ್ತಿದ್ದ. ಕೊನೆಗೂ ಮೆಷಿನ್ ಗುರ್ ಅಂತು. ಅಷ್ಟರಲ್ಲಿ ಅಂಗಡಿಯ ಹಿಂದಿನಿಂದ ಒಂದು ಸದ್ದು.

ಟ್ರಿಣ್ ಕಟಕಟ. ಟ್ರಿಣ್ ಕಟಕಟ.

ಈ ಲೋಕದಲ್ಲಿ ಹಾಗೆ ಹೊಡೆದುಕೊಳ್ಳುವ ಗಡಿಯಾರ ಇನ್ನೊಂದಿರಲು ಸಾಧ್ಯವೇ ಇರಲಿಲ್ಲ. ಸ್ಪ್ರಿಂಗ್ ಅಂಗಡಿ ಸುತ್ತು ಹಾಕಿಕೊಂಡು ಹಿಂದಕ್ಕೆ ಹೋದಳು.

ಹಿಂಬಾಗಿಲ ಮೆಟ್ಟಿಲ ಮೇಲೆ ಎರಡನೇ ಬೆಲ್ ಕೂತಿದ್ದಳು. ಜಡೆ ನೀಟು, ಶೂ ಫಳಫಳ, ಬೆನ್ನಿಗೆ ಬ್ಯಾಗು, ಮಡಿಲಲ್ಲಿ ಹಸಿರು ಗಡಿಯಾರ. ಗಡಿಬಿಡಿಯಿಂದ ಅದರ ಗುಂಡಿ ಒತ್ತಿ ಬಾಯಿ ಮುಚ್ಚಿಸುತ್ತಿದ್ದಳು.

"ನೀನು ಇಲ್ಲೇನು ಮಾಡ್ತಿದ್ದೀಯಾ?" ಸ್ಪ್ರಿಂಗ್ ಬಾಯಿ ಬಿಟ್ಟುಕೊಂಡು ಕೇಳಿದಳು.

"ದಿನಾ ಇಲ್ಲೇ ಇರ್ತಾಳಲ್ಲ," ಒಳಗಿನಿಂದ ಅಣ್ಣ ಕೂಗಿ ಹೇಳಿದ. "ನಾನು ಶಟರ್ ಎತ್ತೋ ಮುಂಚೆನೇ ಬಂದು ಕೂತಿರ್ತಾಳೆ, ಪಾಪ."

ದಿನಾ. ಶಟರ್ ಎತ್ತುವ ಮುಂಚೆ. ಹಾಗಾದರೆ ಅಲಾರಾಂ ಇಟ್ಟಿದ್ದು ಏಳುವುದಕ್ಕಲ್ಲ. ಎರಡನೇ ಬೆಲ್ ಆಗುವವರೆಗೂ ಕಾಯುವುದಕ್ಕೆ.

"ಯಾಕೇ? ಮುಂಚೆನೇ ಬಂದ್ರೂ ಒಳಗೆ ಯಾಕೆ ಬರಲ್ಲ? ಯಾರಾದ್ರೂ ಹೆದರ್ಸ್ತಾರಾ? ಹೋಮ್‌ವರ್ಕಾ? ಟೀಚರಾ?"

ಹುಡುಗಿ ಬಾಯಿ ತೆರೆದಳು. ಮೊದಲ ಅಕ್ಷರ ತುಟಿಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು. ಕತ್ತಿನ ನರ ಬಿಗಿಯಾಯಿತು. ಕಣ್ಣು ಒಂದೇ ಕಡೆ ನೆಟ್ಟಿತು. ಮಾತು ಬಾಗಿಲ ಹಿಂದೆ ನಿಂತು ಒದ್ದರೂ ಬಾಗಿಲು ತೆರೆಯದ ಹಾಗೆ.

"ಚೀಟಿನಾ? ಗೇಟಿನ ಚೀಟಿನಾ?" ಸ್ಪ್ರಿಂಗ್ ತಟಕ್ಕನೆ ಹೇಳಿಬಿಟ್ಟಳು.

ಹುಡುಗಿಯ ಮುಖ ಬಾಡಿತು. ಅವಳು ಕೈ ಅಡ್ಡ ಹಿಡಿದಳು. "ನೀನು ಹೇಳ್ಬೇಡ. ನಾ... ನಾನೇ ಹೇಳ್ತೀನಿ."

ಸ್ಪ್ರಿಂಗ್ ಮೆಟ್ಟಿಲ ಮೇಲೆ ಕೂತಳು. ಒಂದೊಂದು ಮಾತಿಗೂ ತುಂಬ ಹೊತ್ತು ಹಿಡಿಯಿತು. ಶಾಲೆಯಿಂದ ಎರಡನೇ ಬೆಲ್ ಕೇಳಿಸಿತು. ಇಬ್ಬರೂ ಏಳಲಿಲ್ಲ.

ಅವಳು ಹೇಳಿದ್ದು ಇಷ್ಟು. ಟೀಚರ್‌ಗಳಿಗೆಲ್ಲ ಅವಳ ಮಾತು ತೊದಲುವುದು ಗೊತ್ತು, ಸೇರಿಸುವಾಗಲೇ ಅಮ್ಮ ಹೇಳಿದ್ದರು. ಮಕ್ಕಳಿಗೆ ಗೊತ್ತಾಗುವುದು ಬೇಡ ಅಂತ ಇವಳೇ ಹಟ ಹಿಡಿದಿದ್ದಳು. ಕ್ಲಾಸಿನಲ್ಲಿ ಯಾರೂ ಓದಿಸುವುದಿಲ್ಲ. ಆದರೆ ಗೇಟಿನಲ್ಲಿ ಓದಲೇಬೇಕು. ಅಲ್ಲಿ ಎಲ್ಲರೂ ಇರುತ್ತಾರೆ.

"ಮೊದಲನೇ ದಿನ," ಎಂದಳು ಹುಡುಗಿ, "ನನಗೆ ಚೀಟಿ ಕೊ... ಕೊಟ್ಟಿದ್ದು ನೀನೇ."

"ನಾನಾ?" ಸ್ಪ್ರಿಂಗ್‌ಗೆ ಏನೂ ನೆನಪಾಗಲಿಲ್ಲ.

"ನಾನು ಓದೋಕೆ ಶುರು ಮಾಡಿದೆ. ನೀನು ಕೈಯಿಂದ ಕಿ... ಕಿತ್ಕೊಂಡು ನೀನೇ ಓದ್ಬಿಟ್ಟೆ. ಎಲ್ರೂ ಚಪ್ಪಾಳೆ ತಟ್ಟಿದ್ರು." ಅವಳು ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. "ನಿನಗೆ."

ಸ್ಪ್ರಿಂಗ್‌ಗೆ ಆಗ ನೆನಪಾಯಿತು. ಮುಖ ಅಲ್ಲ, ಬರೀ ಒಂದು ಕೈ. ಚೀಟಿಯನ್ನು ಗಟ್ಟಿಯಾಗಿ ಹಿಡಿದಿದ್ದ ಬೆರಳು. ‘ಪಾಪ, ಓದೋಕೆ ಬರಲ್ಲವೇನೋ’ ಅಂದುಕೊಂಡು ತಾನು ಸಹಾಯ ಮಾಡಿದ ಖುಷಿ.

"ಯಾರಿಗೂ ಹೇಳ್ಬೇಡ," ಎಂದಳು ಹುಡುಗಿ.

"ಹೇಳಲ್ಲ. ದೇವರಾಣೆ."

"ಆಣೆ ಬೇಡ. ಸು... ಸುಮ್ನೆ ಹೇಳ್ಬೇಡ."

ಅವತ್ತು ಇಬ್ಬರೂ ಹೊರಗೆ ನಿಂತರು. ಯಾಕೆ ಲೇಟ್ ಅಂತ ಟೀಚರ್ ಕೇಳಿದರೆ ಸ್ಪ್ರಿಂಗ್ ಬಾಯಿ ಬಿಡಲಿಲ್ಲ. ಇಡೀ ಕ್ಲಾಸಿಗೆ ಆಶ್ಚರ್ಯ.

ಸಂಜೆ ಅವಳು ಅಪ್ಪನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದಳು. ಬೇಕಾದವರು ಮಾತ್ರ ಓದಲಿ ಅಂದರೆ? ಬೇಡ ಅಂದವರನ್ನು ಎಲ್ಲರೂ ಯಾಕೆ ಯಾಕೆ ಅಂತ ಕಾಡುತ್ತಾರೆ. ಅವಳೊಬ್ಬಳನ್ನೇ ಪಕ್ಕದ ಗೇಟಿನಿಂದ ಕಳಿಸಿದರೆ? ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಶಿಬಿರ ಮುಗಿಯುವವರೆಗೆ ಸುಮ್ಮನಿದ್ದರೆ? ಆದರೆ ಸೋಮವಾರ ಅವಳ ಅಮ್ಮ ಬರಬೇಕಾಗುತ್ತದೆ. ಓದಿಸುವುದನ್ನು ಪೂರ್ತಿ ನಿಲ್ಲಿಸಿದರೆ? ನಿಲ್ಲಿಸಿದರೆ ಶಿಬಿರದಲ್ಲಿ ತೋರಿಸಲು ಏನೂ ಇಲ್ಲ. ನಾಯಕಿ ಆಗಲು ಅವಳ ಕೈಯಲ್ಲಿದ್ದದ್ದು ಅದೊಂದೇ.

"ಏನೇ ಪುಟ್ಟಿ, ಸ್ಪ್ರಿಂಗ್ ಕೆಟ್ಟಿದ್ಯಾ?" ಎಂದರು ಅಪ್ಪ. "ಆಗಿಂದ ಕಾಲು ಅಲ್ಲಾಡ್ತಾನೇ ಇಲ್ಲ. ಬಿಚ್ಚಿ ನೋಡ್ಲಾ?"

"ಅಪ್ಪಾ, ನೀನು ರಿಪೇರಿ ಮಾಡಿದ ಗಡಿಯಾರ ನಿನ್ನಿಂದಾನೇ ಕೆಟ್ಟಿದ್ರೆ?"

"ಎಷ್ಟು ಸಲ ಆಗಿಲ್ಲ."

"ಆಗ ಏನ್ಮಾಡ್ತೀಯಾ?"

"ಗಿರಾಕಿ ಬರೋ ಮುಂಚೆ ಗೊತ್ತಾದ್ರೆ ಆಗ್ಲೇ ಬಿಚ್ತೀನಿ. ಬಂದ್ಮೇಲೆ ಗೊತ್ತಾದ್ರೆ ಬೈಸ್ಕೊಳ್ತಾ ಬಿಚ್ತೀನಿ." ಅಪ್ಪ ಚಿಮುಟದಲ್ಲಿ ಒಂದು ಚಕ್ರ ಎತ್ತಿ ದೀಪಕ್ಕೆ ಹಿಡಿದರು. "ಬೈಗುಳಕ್ಕೆ ಬಿಲ್ ಹಾಕೋ ಹಾಗಿದ್ದಿದ್ರೆ ಇಷ್ಟೊತ್ತಿಗೆ ನಾವು ದೊಡ್ಡ ಅಂಗಡಿ ಮಾಡ್ಬಹುದಿತ್ತು."

ಶನಿವಾರ ಬಂತು. ಮೇಣದಬತ್ತಿ ಹಚ್ಚಿ ಎಲ್ಲರೂ ಮೌನವಾಗಿ ಕೂತರು. ಯಾವತ್ತೂ ಆ ಮೌನ ಯಾವಾಗ ಮುಗಿಯುತ್ತೋ ಅಂತ ಒದ್ದಾಡುತ್ತಿದ್ದ ಸ್ಪ್ರಿಂಗ್‌ಗೆ ಅವತ್ತು ಅದು ಇನ್ನೂ ಸ್ವಲ್ಪ ಇರಬಾರದಾ ಅನ್ನಿಸಿತು.

"ನೋಡು," ಎಂದರು ಸಿಸ್ಟರ್.

ಅವಳ ಕೈ ಮೇಲೇಳಲಿಲ್ಲ. ಸುತ್ತು ತಿರುಗಿ ತಿರುಗಿ ಕೊನೆಗೆ ಅವಳ ಹತ್ತಿರವೇ ಬಂತು.

"ನಾನು ನನ್ನನ್ನೇ ನೋಡಿದೆ," ಎಂದಳು. "ಗೇಟಲ್ಲಿ ಒಬ್ಬರ ಕೈಯಿಂದ ಚೀಟಿ ಕಿತ್ಕೊಂಡು ನಾನೇ ಓದಿದೀನಿ. ಅವರಿಗೆ ಅಲ್ಲಿ ನಿಂತು ಓದೋದು ಅಂದ್ರೆ ನರಕ. ನನಗೆ ಕಾಣ್ಲೇ ಇಲ್ಲ. ಸೋಮವಾರದಿಂದ ಓದ್ಸೋದು ಬೇಡ. ಚೀಟಿ ಕೊಡೋಣ, ಅವರವರೇ ಮನಸ್ಸಲ್ಲಿ ಓದ್ಕೊಳ್ಲಿ."

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಶಿಬಿರದಲ್ಲಿ ಏನು ತೋರ್ಸೋದು? ಮನಸ್ಸಲ್ಲಿ ಓದೋದನ್ನಾ?"

"ನಾನು ಹೊಸ ಬಿಳಿ ಶರ್ಟ್ ಹೊಲಿಸ್ಕೊಂಡಿದೀನಿ, ಗೊತ್ತಾ?"

"ಯಾರು ಅವರು?" ಹೆಡ್‌ಲೈಟ್ ಕನ್ನಡಕ ಮೇಲಕ್ಕೆ ತಳ್ಳಿದ. "ಯಾರ ಕೈಯಿಂದ ಕಿತ್ಕೊಂಡೆ?"

"ಹೇಳಕ್ಕಾಗಲ್ಲ."

"ಅದ್ಹೇಗೆ? ನೋಡಿದ್ದನ್ನ ಹೇಳ್ಬೇಕು ಅಂತ ರೂಲ್ ಇದೆ."

"ನಾನು ಮಾಡಿದ್ದು ನನ್ನದು, ಅದಕ್ಕೆ ಹೇಳಿದೆ. ಉಳಿದಿದ್ದು ಅವರದು. ನಾನು ಹೇಳೋ ಹಾಗಿಲ್ಲ."

ಹೆಡ್‌ಲೈಟ್ ಸಿಸ್ಟರ್ ಕಡೆ ನೋಡಿದ. ಸಿಸ್ಟರ್ ಸ್ಪ್ರಿಂಗ್ ಕಡೆ ನೋಡುತ್ತಿದ್ದರು. "ಅವಳು ಹೇಳಿದ್ದು ರೂಲ್ ಪ್ರಕಾರಾನೇ ಇದೆ," ಎಂದರು ಅಷ್ಟೇ.

ಕೊನೆಗೆ ಎಲ್ಲರೂ ಗೊಣಗುತ್ತಲೇ ಒಪ್ಪಿದರು. ಐಡಿಯಾ ಅವಳದು, ನಿಲ್ಲಿಸುತ್ತಿರುವವಳೂ ಅವಳೇ, ಇನ್ನೇನು ಮಾಡುವುದು. ಆದರೆ ಸಿಟ್ಟು ಎಲ್ಲಿ ಹೋಗುತ್ತದೆ?

ಚುನಾವಣೆ ಶುರುವಾಯಿತು. ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಎರಡು ಸ್ಟೀಲ್ ಮಗ್, ಒಂದು ಅವಳದು, ಒಂದು ಅವನದು. ಒಬ್ಬೊಬ್ಬರೇ ಹೋಗಿ ಒಂದು ಅಂಗಿ ಗುಂಡಿ ಹಾಕಿ ಬರಬೇಕು. ಯಾರ ಮಗ್ಗಿಗೆ ಹಾಕಿದರು ಅಂತ ಕಾಣುವುದಿಲ್ಲ. ಆದರೆ ಕೇಳಿಸುತ್ತದೆ. ಖಾಲಿ ಮಗ್ಗಿಗೆ ಬಿದ್ದ ಗುಂಡಿ ‘ಟಣ್’ ಅನ್ನುತ್ತದೆ, ಗುಂಡಿಗಳ ಮೇಲೆ ಬಿದ್ದದ್ದು ‘ಚಿಟ್’ ಅನ್ನುತ್ತದೆ.

ಚಿಟ್. ಚಿಟ್. ಚಿಟ್. ಸ್ಪ್ರಿಂಗ್ ಕಣ್ಣು ಮುಚ್ಚಿಕೊಂಡಳು. ಆಗೊಂದು ಈಗೊಂದು ಟಣ್. ಸಿಸ್ಟರ್ ಮಗ್ ಸುರಿಯುವ ಮೊದಲೇ ಅವಳಿಗೆ ಗೊತ್ತಾಗಿತ್ತು.

ಹೆಡ್‌ಲೈಟ್ ಗೆದ್ದ. ಅವಳು ಎಲ್ಲರಿಗಿಂತ ಮೊದಲು ಎದ್ದು ಅವನ ಕೈ ಕುಲುಕಿದಳು. ಆಮೇಲೆ ಕುರ್ಚಿ ಜೋಡಿಸುವ ನೆಪದಲ್ಲಿ ಮೂಲೆಗೆ ಹೋಗಿ, ಮುರಿದ ಫ್ಯಾನಿನ ಕಡೆ ಮುಖ ಮಾಡಿ, ಯೂನಿಫಾರಂ ತೋಳಿನಿಂದ ಕಣ್ಣು ಒರೆಸಿಕೊಂಡಳು. ತುಂಬ ಹೊತ್ತು ಅತ್ತಳು, ಸುಳ್ಳು ಯಾಕೆ ಹೇಳಲಿ.

ಹೆಡ್‌ಲೈಟ್ ಹತ್ತಿರ ಬಂದು ನಿಂತ. "ಸೋಮವಾರ ಡಬ್ಬಿ ನೀನೇ ಹಿಡ್ಕೋ. ನನಗೆ ಅಷ್ಟು ಬೇಗ ಏಳಕ್ಕಾಗಲ್ಲ."

"ಅಲಾರಾಂ ಕೊಡ್ಸ್ಲಾ?" ಎಂದಳು ಸ್ಪ್ರಿಂಗ್, ಮೂಗು ಎಳೆದುಕೊಳ್ಳುತ್ತಾ.

ಸೋಮವಾರ ಗೇಟಿನಲ್ಲಿ ಸದ್ದೇ ಇರಲಿಲ್ಲ. ಮಕ್ಕಳು ಚೀಟಿ ತೆಗೆದುಕೊಂಡು, ಓದಿಕೊಂಡು, ಜೇಬಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಮೂರನೇ ಕ್ಲಾಸಿನ ಹುಡುಗ ಮಾತ್ರ, ನಾನು ಜೋರಾಗೇ ಓದೋದು ಅಂತ ಹಟ ಮಾಡಿ, ಗೇಟ್ ದಾಟಿ ಒಳಗೆ ಹೋಗಿ ಒಂದು ಮರಕ್ಕೆ ಓದಿ ಹೇಳಿದ.

ಮೊದಲನೇ ಬೆಲ್‌ಗೆ ಇನ್ನೂ ಹೊತ್ತಿತ್ತು. ರಸ್ತೆ ತಿರುವಿನಲ್ಲಿ ನೀಟಾದ ಜಡೆಯೊಂದು ಕಾಣಿಸಿತು. ಮುಂದೆ ಬಂತು, ನಿಂತಿತು, ಗೇಟಿನ ಕಡೆ ಕಿವಿಗೊಟ್ಟಿತು, ಮತ್ತೆ ಮುಂದೆ ಬಂತು.

ಅವಳು ಡಬ್ಬಿಯಿಂದ ಒಂದು ಚೀಟಿ ಎತ್ತಿದಳು. ಓದಿಕೊಂಡಳು. ಜೇಬಿಗೆ ಹಾಕಿಕೊಂಡಳು. ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಸ್ಪ್ರಿಂಗ್ ಮುಖ ನೋಡಿ ಬಾಯಿ ತೆರೆದಳು.

ಮೊದಲ ಅಕ್ಷರ ಬಂತು, ನಿಂತಿತು.

ಅವಳು ಏನು ಹೇಳಲು ಹೊರಟಿದ್ದಾಳೆ ಅಂತ ಸ್ಪ್ರಿಂಗ್‌ಗೆ ಗೊತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಸ್ಪ್ರಿಂಗ್ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕಾದಳು. ಹಿಮ್ಮಡಿ ನೆಲ ಬಿಟ್ಟು ಏಳಲಿಲ್ಲ.

"ಗು... ಗುಡ್ ಮಾರ್ನಿಂಗ್," ಎಂದಳು ಹುಡುಗಿ.

"ಗುಡ್ ಮಾರ್ನಿಂಗ್."

ಹುಡುಗಿ ಒಳಗೆ ಹೋದಳು. ಆಮೇಲೆ ಮೊದಲನೇ ಬೆಲ್ ಹೊಡೆಯಿತು. ಇಷ್ಟು ದಿನ ಗೇಟಿನಲ್ಲಿ ಎಷ್ಟೊಂದು ದನಿ ಕೇಳಿದ್ದಳು ಸ್ಪ್ರಿಂಗ್. ಈ ಒಂದನ್ನು ಮಾತ್ರ ಪೂರ್ತಿ ಕೇಳಿದೆ ಅಂತ ಅವಳಿಗೆ ಅನ್ನಿಸಿತು. ಖಾಲಿ ಮಗ್ಗಿನ ನೋವು ಎದೆಯೊಳಗೆ ಇನ್ನೂ ಇತ್ತು, ಆದರೆ ಅದರ ಪಕ್ಕ ಇನ್ನೇನೋ ಬಂದು ಕೂತಿತ್ತು.

ಅವತ್ತು ಪಾಠ ಶುರುವಾಗುವ ಮುಂಚೆ, ತಾರೀಕು ಬರೆಯಲು ಟೀಚರ್ ಬೋರ್ಡಿನ ಕಡೆ ತಿರುಗಿದ್ದೇ ತಡ, ಎರಡನೇ ಬೆಲ್‌ನ ಬ್ಯಾಗಿನೊಳಗಿಂದ ‘ಟ್ರಿಣ್ ಕಟಕಟ, ಟ್ರಿಣ್ ಕಟಕಟ.’ ಟೀಚರ್ ಕೈಯಿಂದ ಚಾಕ್ ಬಿತ್ತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಲಾರಾಂ ಬದಲಾಯಿಸಲು ಮರೆತಿದ್ದ ಹುಡುಗಿಯೂ ಬೆಂಚಿನ ಮೇಲೆ ತಲೆ ಇಟ್ಟು ನಕ್ಕಳು. ನಗುವಾಗ ಅವಳು ಒಂದು ಕಡೆಯೂ ತಡವರಿಸಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಎರಡು ವರ್ಷದ ಮೇಲೆ ಸ್ಪ್ರಿಂಗ್ ಅಕ್ಕನನ್ನು ಶಾಲೆಯ ಸಂಚಲನಕ್ಕೆ ಆರಿಸಿದರು, ಆಮೇಲೆ ವಲಯಕ್ಕೆ, ಆಮೇಲೆ ಎಲ್ಲ ಶಾಲೆಗಳಿಗೆ. ಮೊದಲ ಸಲ ಅವಳ ಹೆಸರು ಸೂಚಿಸಿದ್ದು ಹೆಡ್‌ಲೈಟ್. ಅವಳ ಸಭೆಗೆ ಒಮ್ಮೆ ಹೋಗಿ ನೋಡಿ, ನೋಡು ಅನ್ನುವ ಸುತ್ತೇ ಅರ್ಧ ದಿನ ನಡೆಯುತ್ತದೆ. ಯಾರಾದರೂ ಮಾತು ಸಿಗದೆ ನಿಂತರೆ ಅವಳು ಸುಮ್ಮನೆ ಕಾಯುತ್ತಾಳೆ, ಇಡೀ ಹಾಲ್ ಅವಳ ಜೊತೆ ಕಾಯುತ್ತದೆ.

ಆ ಚೀಟಿ ಯಾರ ಕೈಯಿಂದ ಕಿತ್ತುಕೊಂಡಿದ್ದು ಅಂತ ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಹಾಗಾದರೆ ನನಗೆ ಹೇಗೆ ಗೊತ್ತಾಯಿತು ಅಂತೀರಾ? ಹೋದ ಶಿಬಿರದಲ್ಲಿ ಹಸಿರು ಗಡಿಯಾರ ಹಿಡಿದುಕೊಂಡು ವೇದಿಕೆ ಹತ್ತಿದ ಇನ್ನೊಬ್ಬಳು ಅಕ್ಕ, ನಿಧಾನವಾಗಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು, ಇದನ್ನೆಲ್ಲ ತಾನೇ ಹೇಳಿದಳು.

ಈಗ ನೀವು ಹೇಳಿ. ಆ ಶನಿವಾರ, ಹಾರ್ಮೋನಿಯಂ ಹಿಂದೆ ಎರಡು ಮಗ್ ಕಾದು ಕೂತಿದ್ದಾಗ, ಎಲ್ಲರ ಸುತ್ತು ಮುಗಿದು ನಿಮ್ಮ ಸರದಿ ಬಂದಿದ್ದರೆ, ನೀವು ಏನು ಮಾಡುತ್ತಿದ್ದಿರಿ?